ಮನೆಯಲ್ಲೇ ಲೂರ್ ಮಾಡುವವರ ಪ್ರಶ್ನೆಗಳು: ಮರ, ಸೀಸ, ಮೆರುಗು

ಗಾಳ ಹಾಕುವವರು 'ಲೂರ್' ಎಂದೇ ಕರೆಯುವ ಕೃತಕ ಎರೆಗಳನ್ನು ಮನೆಯಲ್ಲಿ ಮಾಡುವ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಹೆಚ್ಚಿನವರು ಕೇಳಿರುವುದು ಬಣ್ಣ ಮತ್ತು ಮೆರುಗಿನ ಬಗ್ಗೆ. ತೊಂದರೆ ಇರುವುದು ಮಾತ್ರ ಬಹುತೇಕ ಬಣ್ಣದ ಕೆಳಗೆ. ಹಾಗಾಗಿ ಕೆಲವು ಉತ್ತರಗಳು ಕೇಳಿದ್ದಕ್ಕಿಂತ ಸ್ವಲ್ಪ ಆಳಕ್ಕೆ ಹೋಗಿವೆ.

ಜುಲೈಯಲ್ಲಿ ಹಚ್ಚಿದ ಎಪಾಕ್ಸಿ (ರೆಸಿನ್, ಹಾರ್ಡನರ್ ಎಂಬ ಎರಡು ದ್ರವ ಕಲಸಿ ಹಚ್ಚುವ ಮೆರುಗು) ಮೂರು ದಿನವಾದರೂ ಅಂಟಂಟಾಗಿಯೇ ಇದೆ. ಮೇಲೆ ಮಸುಕು ಪೊರೆ ಬಂದಿದೆ. ಅದೇ ಬಾಟಲಿಯ ಎಪಾಕ್ಸಿ ಮಾರ್ಚ್‌ನಲ್ಲಿ ಚೆನ್ನಾಗಿ ಗಟ್ಟಿಯಾಗಿತ್ತು. ಲೂರ್ ಎಸೆಯಬೇಕೇ?
— ಮಲ್ಪೆಯ ಓದುಗರು

ಎಸೆಯಬೇಡಿ. ಮೊದಲು ಉಗುರಿನಿಂದ ಒತ್ತಿ ನೋಡಿ. ಮೇಲೆ ಜಿಡ್ಡಿದ್ದರೂ ಒಳಗೆ ಗಟ್ಟಿ ಎನಿಸಿದರೆ ಅದು ತೇವದ ಕಾಟ. ಉಗುರು ಒಳಗೆ ಇಳಿದು ಗುರುತು ಉಳಿದರೆ ಮಿಶ್ರಣವೇ ತಪ್ಪಿದೆ. ಎರಡಕ್ಕೂ ಪರಿಹಾರ ಬೇರೆ ಬೇರೆ.

ತೇವದ ಕಾಟ ಹೀಗೆ. ಎಪಾಕ್ಸಿಯ ಹಾರ್ಡನರ್‌ನಲ್ಲಿರುವ ಅಮೈನ್ ಎಂಬ ರಾಸಾಯನಿಕ, ರೆಸಿನ್ ಜೊತೆ ಸೇರುವ ಮೊದಲೇ ಗಾಳಿಯ ನೀರಾವಿ ಮತ್ತು ಇಂಗಾಲದ ಡೈ ಆಕ್ಸೈಡ್ ಜೊತೆ ಸೇರಿ ಮೇಲ್ಮೈಯಲ್ಲಿ ಮೇಣದಂಥ ಪದರ ಕಟ್ಟುತ್ತದೆ. ಈ ಪದರ ನೀರಿನಲ್ಲಿ ಕರಗುತ್ತದೆ, ಥಿನ್ನರ್‌ನಲ್ಲಿ ಸರಿಯಾಗಿ ಹೋಗುವುದಿಲ್ಲ. ಆದ್ದರಿಂದ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಮತ್ತು ಹಸಿರು ಸ್ಕ್ರಬ್ಬರ್‌ನಿಂದ ಉಜ್ಜಿ ತೊಳೆಯಿರಿ. ಪೂರ್ತಿ ಒಣಗಿಸಿ, 400 ನಂಬರಿನ ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ತಿಕ್ಕಿ, ಮತ್ತೊಂದು ತೆಳು ಕೋಟ್ ಕೊಡಿ. ತೊಳೆಯದೆ ನೇರ ಉಪ್ಪುಕಾಗದ ಹಿಡಿದರೆ ಆ ಮೇಣ ಗೀರುಗಳೊಳಗೆ ಸೇರಿಕೊಂಡು, ಮುಂದಿನ ಕೋಟ್ ಸಿಪ್ಪೆಯಂತೆ ಏಳುತ್ತದೆ.

ಮಳೆಗಾಲದಲ್ಲೇ ಕೆಲಸ ಮುಗಿಸಬೇಕೆಂದಿದ್ದರೆ ಗಾಳಿಯನ್ನು ಬಿಸಿ ಮಾಡಿ. 26 ಡಿಗ್ರಿಯಲ್ಲಿ ಶೇ 90 ತೇವಾಂಶವಿರುವ ಗಾಳಿಯನ್ನು 35 ಡಿಗ್ರಿಗೆ ಏರಿಸಿದರೆ ಅದೇ ಗಾಳಿಯ ತೇವಾಂಶ ಸುಮಾರು ಶೇ 54ಕ್ಕೆ ಇಳಿಯುತ್ತದೆ, ನೀರಾವಿ ಒಂದು ಹನಿ ಕಡಿಮೆಯಾಗದಿದ್ದರೂ. ಹಳೆಯ ತಗಡಿನ ಟ್ರಂಕಿನಲ್ಲಿ 40 ವ್ಯಾಟಿನ ಹಳೆಯ ಬಗೆಯ ತಂತಿ ಬಲ್ಬು ಉರಿಸಿದರೆ ಇಷ್ಟು ಬಿಸಿ ಸಿಗುತ್ತದೆ. ಎಲ್‌ಇಡಿ ಬಲ್ಬಿನಿಂದ ಆಗದು. ಮುಚ್ಚಳ ಎರಡು ಬೆರಳು ತೆರೆದಿರಲಿ, ಬಲ್ಬಿನಿಂದ ಲೂರ್ ಒಂದು ಗೇಣು ದೂರವಿರಲಿ, ಒಳಗೊಂದು ಥರ್ಮಾಮೀಟರ್ ಇರಲಿ. ರಟ್ಟಿನ ಪೆಟ್ಟಿಗೆಯಲ್ಲಿ ಈ ಪ್ರಯೋಗ ಬೇಡ. ಟ್ರಂಕನ್ನು ಎಪಾಕ್ಸಿ ಹಚ್ಚುವ ಅರ್ಧ ಗಂಟೆ ಮೊದಲೇ ಬಿಸಿ ಮಾಡಿ, ಲೂರ್ ಕೂಡ ಅದರೊಳಗೇ ಇದ್ದು ಬೆಚ್ಚಗಾಗಲಿ.

ಇನ್ನು ಮಿಶ್ರಣ ತಪ್ಪಿದ್ದರೆ ಎಷ್ಟು ಕಾದರೂ ಅದು ಗಟ್ಟಿಯಾಗುವುದಿಲ್ಲ. ಕೆರೆದು ತೆಗೆದು, ಸ್ಪಿರಿಟ್‌ನಿಂದ ಒರೆಸಿ, ಹೊಸದಾಗಿ ಹಚ್ಚಬೇಕು. ಇಲ್ಲಿ ಎಡವುವ ಜಾಗಗಳು ಎರಡು. ಮೊದಲನೆಯದು, 'ಎರಡಕ್ಕೆ ಒಂದು' ಎಂದು ಬರೆದಿರುವುದು ಅಳತೆಯಲ್ಲೋ ತೂಕದಲ್ಲೋ ಎಂದು ನೋಡದಿರುವುದು. ಹಾರ್ಡನರ್ ಸಾಮಾನ್ಯವಾಗಿ ರೆಸಿನ್‌ಗಿಂತ ಹಗುರ, ಆದ್ದರಿಂದ ಸಿರಿಂಜಿನ ಅನುಪಾತ ತಕ್ಕಡಿಗೆ ಹೊಂದುವುದಿಲ್ಲ. ಎರಡನೆಯದು, ತೀರಾ ಸ್ವಲ್ಪ ಕಲಸುವುದು. 10 ಸೆಂ.ಮೀ. ಲೂರಿಗೆ ಒಂದು ಕೋಟ್‌ಗೆ ಬೇಕಾಗುವುದು ಒಂದೂವರೆ ಗ್ರಾಮಿಗಿಂತ ಕಡಿಮೆ. ಹಾಗೆಂದು ಅಷ್ಟೇ ಕಲಸಿದರೆ ಅಡುಗೆಮನೆ ತಕ್ಕಡಿಯ ಒಂದು ಗ್ರಾಂ ಹೆಚ್ಚುಕಡಿಮೆಯಲ್ಲೇ ಅನುಪಾತ ಕೆಟ್ಟುಹೋಗುತ್ತದೆ. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇರಲಿ, ಇಲ್ಲವೇ ಸಿರಿಂಜಿನಲ್ಲಿ ಕನಿಷ್ಠ 10 ಮಿ.ಲೀ. ಕಲಸಿ ನಾಲ್ಕೈದು ಲೂರಿಗೆ ಒಟ್ಟಿಗೆ ಹಚ್ಚಿ. ಮೂರು ನಿಮಿಷ ನಿಧಾನ ಕಲಸಿ, ಅಂಚು ತಳ ಕೆರೆದು, ಇನ್ನೊಂದು ಲೋಟಕ್ಕೆ ಸುರಿದು ಮತ್ತೆ ಒಂದು ನಿಮಿಷ ಕಲಸಿ. ಮೊದಲ ಲೋಟದ ಗೋಡೆಗೆ ಅಂಟಿದ್ದು ಸರಿಯಾಗಿ ಬೆರೆತಿರುವುದಿಲ್ಲ. ಕಲಸಿದ್ದನ್ನು ಲೋಟದಲ್ಲೇ ಬಿಡದೆ ಅಲ್ಯೂಮಿನಿಯಂ ಹಾಳೆಯ ಮೇಲೆ ಹರಡಿ. ಗುಡ್ಡೆಯಾಗಿದ್ದರೆ ತನ್ನ ಶಾಖಕ್ಕೆ ತಾನೇ ಬೇಗ ಗಟ್ಟಿಯಾಗುತ್ತದೆ.

ಐದು ನಿಮಿಷದ ಎಪಾಕ್ಸಿಯನ್ನು ಹೊರಮೆರುಗಿಗೆ ಬಳಸಲೇಬೇಡಿ. ಅದು ಹಳದಿಯಾಗುತ್ತದೆ, ನೀರಿನಲ್ಲಿ ಮೆತ್ತಗಾಗುತ್ತದೆ. ಮೂಗಿನ ಪಟ್ಟಿ (ಎಳೆಯುವಾಗ ಲೂರನ್ನು ಅಲುಗಾಡಿಸುವ, ಮೂಗಿನಡಿಯ ತೆಳು ಹಲಗೆ) ಅಂಟಿಸಲು ಇಟ್ಟುಕೊಳ್ಳಿ.

ಎಪಾಕ್ಸಿ ಹಚ್ಚಿದ ಮೇಲೆ ಒಂದೇ ಜಾಗದಿಂದ ಗುಳ್ಳೆ ಏಳುತ್ತಲೇ ಇರುತ್ತದೆ. ಇನ್ನೊಂದು ಲೂರಿನಲ್ಲಿ ಎಪಾಕ್ಸಿ ಕೆಲವೆಡೆ ಕೂರದೆ ಸರಿದು ಕುಳಿ ಬಿದ್ದಿದೆ.
— ಹೊನ್ನಾವರದ ಓದುಗರು

ಗುಳ್ಳೆ ಬರುತ್ತಿರುವುದು ಮರದೊಳಗಿನ ಗಾಳಿಯಿಂದ. ಕೋಣೆ ಬಿಸಿಯಾದಂತೆ ಗಾಳಿ ಹಿಗ್ಗಿ, ಸೀಲ್ ಆಗದ ಒಂದು ರಂಧ್ರದಿಂದ, ಹೆಚ್ಚಾಗಿ ಗಾಳ ಹಿಡಿಯುವ ಒಳತಂತಿ ಹೊರಬರುವ ಕಡೆಯಿಂದ, ಹೊರಗೆ ದಾರಿ ಹುಡುಕುತ್ತದೆ. ಲೈಟರ್ ಜ್ವಾಲೆ ಆಡಿಸಿ ಗುಳ್ಳೆ ಒಡೆಯುವುದು ಕಲಸುವಾಗ ಸೇರಿದ ಗಾಳಿಗೆ ಮಾತ್ರ ಸರಿ. ಇಲ್ಲಿ ಬೆಂಕಿ ತೋರಿಸಿದಷ್ಟೂ ಗುಳ್ಳೆ ಹೆಚ್ಚುತ್ತದೆ. ಬಣ್ಣಕ್ಕೆ ಮೊದಲೇ, ಬರಿಮೈ ಮರವನ್ನು ಕೈಗೆ ಚುರುಕು ಮುಟ್ಟುವಷ್ಟು ಬೆಚ್ಚಗೆ ಮಾಡಿ, ತಣಿಯುತ್ತಿರುವಾಗ ತೆಳು ಎಪಾಕ್ಸಿ ಹಚ್ಚಿ. ಒಳಗಿನ ಗಾಳಿ ಕುಗ್ಗುತ್ತಾ ಎಪಾಕ್ಸಿಯನ್ನು ಒಳಗೆಳೆದುಕೊಳ್ಳುತ್ತದೆ. ತಂತಿಯ ತೂತು, ತೂಕಕ್ಕೆ ಸೀಸ ಕೂರಿಸುವ ಗುಂಡಿ, ಪಟ್ಟಿಯ ಸೀಳು ಎಲ್ಲಕ್ಕೂ ಹಲ್ಲುಕಡ್ಡಿಯಿಂದ ತಲುಪಿಸಬೇಕು.

ಬಡಗಿಗಳು ಬಳಸುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಸ್ಯಾಂಡಿಂಗ್ ಸೀಲರ್‌ನಲ್ಲಿ ಎರಡು ಸಲ ಅದ್ದಿದರೂ ನಡೆಯುತ್ತದೆ. ಆದರೆ ಥಿನ್ನರ್ ವಾಸನೆ ಪೂರ್ತಿ ಹೋಗುವವರೆಗೆ ಮೇಲೆ ಏನನ್ನೂ ಹಚ್ಚಬಾರದು. ಅಗಸೆ ಎಣ್ಣೆಯಲ್ಲಿ ನೆನೆಸುವ ಹಳೆಯ ಪದ್ಧತಿ ಒಳ್ಳೆಯದೇ, ಕರಾವಳಿಯ ಮಳೆಗಾಲದಲ್ಲಿ ಮಾತ್ರ ಅದು ವಾರಗಟ್ಟಲೆ ಒಣಗುವುದಿಲ್ಲ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳುವ ವಸ್ತು ಅದು. ಬಿಡಿಸಿ ಹರವಿ ಒಣಗಿಸಿ.

ಎರಡನೆಯ ಲೂರಿನ ಕುಳಿಗೆ ಕಾರಣ ಜಿಡ್ಡು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈ ಒಮ್ಮೆ ಮುಟ್ಟಿದರೂ ಸಾಕು. ಗ್ಲೌಸ್ ಹಾಕಿ, ಹಚ್ಚುವ ಮುನ್ನ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒಮ್ಮೆ ಒರೆಸಿ. ಬಣ್ಣ ಅದಕ್ಕೆ ಕರಗುವುದಿಲ್ಲ ಎಂದು ಮೊದಲು ಹೊಟ್ಟೆಯ ಭಾಗದಲ್ಲಿ ಪರೀಕ್ಷಿಸಿ.

ಬಾಲ್ಸಾ ಮರ ಆನ್‌ಲೈನ್‌ನಲ್ಲಿ ದುಬಾರಿ. ನಮ್ಮ ಸುತ್ತಮುತ್ತ ಸಿಗುವ ಮರಗಳಲ್ಲಿ ಯಾವುದು ಆಗಬಹುದು? ತೋಟದಲ್ಲಿ ಸಿಲ್ವರ್ ಓಕ್ ತುಂಡುಗಳು ಬೇಕಾದಷ್ಟಿವೆ.
— ಸಕಲೇಶಪುರದ ಓದುಗರು

ಸಿಲ್ವರ್ ಓಕ್ ಆಗುತ್ತದೆ, ಆದರೆ ಅದು ಬಾಲ್ಸಾದ ಜಾಗಕ್ಕಲ್ಲ. ಒಣಗಿದ ಬಾಲ್ಸಾ ಒಂದು ಘನ ಸೆಂ.ಮೀ.ಗೆ ಸುಮಾರು 0.16 ಗ್ರಾಂ ಇದ್ದರೆ ಸಿಲ್ವರ್ ಓಕ್ ಅರ್ಧ ಗ್ರಾಮಿಗಿಂತ ಹೆಚ್ಚು ತೂಗುತ್ತದೆ. ನಿಧಾನ ತೇಲುವ, ದೂರ ಎಸೆಯುವ ಪಾಪರ್‌ಗೆ (ನೀರಿನ ಮೇಲೆ ಸದ್ದು ಮಾಡುತ್ತಾ ಬರುವ ಲೂರ್), ಮುಳುಗುವ ಲೂರಿಗೆ ಒಳ್ಳೆಯದು. ಚುರುಕಾಗಿ ಅಲುಗಾಡುವ ಚಿಕ್ಕ ಲೂರಿಗೆ ಬೂರುಗ ಅಥವಾ ಹೊಂಗಾರೆ (ಹಾಲವಾಣ) ನೋಡಿ, ಎರಡೂ ಹಗುರ. ಎರಡಕ್ಕೂ ಒಂದೇ ಕಾಯಿಲೆ: ಕಡಿದ ಕೂಡಲೇ ಸೀಳಿ ಒಣಗಿಸದಿದ್ದರೆ ಬೂಸ್ಟು ಹಿಡಿದು ನೀಲಿಗಟ್ಟುತ್ತವೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆಮರ ನುಣುಪಿನಲ್ಲಿ ಎಲ್ಲವನ್ನೂ ಮೀರಿಸುತ್ತದೆ, ತಿರುಗಣೆಗೆ ಹೇಳಿ ಮಾಡಿಸಿದ ಮರ. ಆದರೆ ಭಾರ. ತೇಗದ ಚೂರುಗಳನ್ನು ಬಿಡಿ, ಅದರ ಸಹಜ ಎಣ್ಣೆಗೆ ಎಪಾಕ್ಸಿ ಸರಿಯಾಗಿ ಹಿಡಿಯದು.

ಪುಸ್ತಕದ ಅಂಕಿಗಿಂತ ನಿಮ್ಮ ಕೈಯ ತುಂಡನ್ನು ತೂಗುವುದು ಮೇಲು. 10 × 2 × 2 ಸೆಂ.ಮೀ. ತುಂಡು ಅಂದರೆ 40 ಘನ ಸೆಂ.ಮೀ. ಅದು 14 ಗ್ರಾಂ ತೂಗಿದರೆ ಸಾಂದ್ರತೆ 0.35. ಒಣಗಿದೆಯೇ ಎಂದು ತಿಳಿಯಲೂ ಇದೇ ತಕ್ಕಡಿ: ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತರೆ ಒಣಗಿದೆ.

ಮರವೇ ಬೇಕೆಂದಿಲ್ಲದಿದ್ದರೆ ಬೋರ್ಡ್ ಬರೆಯುವವರ ಅಂಗಡಿಯಲ್ಲಿ ಸನ್‌ಬೋರ್ಡ್ ಚೂರು ಕೇಳಿ. ಪಿವಿಸಿ ನೊರೆಯ ಈ ಹಲಗೆ ನೀರು ಕುಡಿಯುವುದಿಲ್ಲ, ಎಳೆ ಇಲ್ಲದ್ದರಿಂದ ಎಲ್ಲ ದಿಕ್ಕಿಗೂ ಒಂದೇ ರೀತಿ ಕೆತ್ತಬಹುದು. ಎರಡು ತೆಳು ತುಂಡುಗಳ ನಡುವೆ ತಂತಿ ಇಟ್ಟು ಅಂಟಿಸಿದರೆ ಸೀಳುವ ಕೆಲಸವೂ ಉಳಿಯಿತು. ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ.

ಕಾಳಿ ನದಿಯ ಅಳಿವೆಯಲ್ಲಿ ಸಿಕ್ಕ ದೊಡ್ಡ ಸೀಬಾಸ್ ಮೀನು, ಲೂರಿನ ಹೊಟ್ಟೆಯ ಗಾಳವನ್ನು ಸ್ಕ್ರೂ ಸಮೇತ ಕಿತ್ತುಕೊಂಡು ಹೋಯಿತು.
— ಕಾರವಾರದ ಓದುಗರು

ಹಗುರ ಮರದಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಮೂಗಿನಿಂದ ಬಾಲದವರೆಗೆ ಒಂದೇ ತಂತಿ ಹಾಯಿಸಿ, ಮರ ಸೀಳಿಹೋದರೂ ಮೀನು ತಂತಿಯಲ್ಲಿ ಉಳಿಯುತ್ತದೆ. 18 ಗೇಜಿನ (1.2 ಮಿ.ಮೀ.) ಸ್ಟೇನ್‌ಲೆಸ್ ತಂತಿ ಸಾಮಾನ್ಯಕ್ಕೆ ಸಾಕು, ದೊಡ್ಡ ಮೀನಿನ ಅಳಿವೆಗೆ 16 ಗೇಜ್ (1.6 ಮಿ.ಮೀ.). ತುಂಡು ಚೌಕಾಕಾರವಾಗಿರುವಾಗಲೇ ಹೊಟ್ಟೆಯ ನಡುಗೆರೆಯುದ್ದಕ್ಕೂ ಸೀಳು ಕೊಯ್ಯಿರಿ. ಕೆತ್ತಿದ ಮೇಲೆ ನೇರ ಸೀಳುವುದು ಯಾರಿಂದಲೂ ಆಗದ ಕೆಲಸ. ಒಂದು ಹ್ಯಾಕ್ಸಾ ಬ್ಲೇಡಿನ ಸೀಳು ತಂತಿಗೆ ಬಿಗಿಯಾಗುತ್ತದೆ, ಎರಡು ಬ್ಲೇಡ್ ಜೋಡಿಸಿ ಟೇಪ್ ಸುತ್ತಿ ಕೊಯ್ದರೆ ಸರಿಹೋಗುತ್ತದೆ. ಮೂಗು, ಬಾಲದ ಕುಣಿಕೆಗಳಿಗೆ ಕನಿಷ್ಠ ಮೂರು ಸುತ್ತು ಹಾಕಿ. ತಂತಿ ಕೂರಿಸಿ, ಎಪಾಕ್ಸಿಗೆ ಅದೇ ಮರದ ನುಣ್ಣನೆಯ ಪುಡಿ ಬೆರೆಸಿ ಸೀಳು ತುಂಬಿ.

ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಬೇಡ. ಉಪ್ಪುನೀರಿಗೆ ಸತುವಿನ ಲೇಪ ಸವೆದ ಮೇಲೆ ತುಕ್ಕು ಉಬ್ಬಿ ಮೆರುಗನ್ನು ಒಳಗಿನಿಂದಲೇ ಒಡೆಯುತ್ತದೆ.

ಸೀಸ ಎಷ್ಟು ಹಾಕಬೇಕು, ಎಲ್ಲಿ ಹಾಕಬೇಕು? ಬಕೆಟ್‌ನಲ್ಲಿ ಸರಿಯಾಗಿ ತೇಲಿದ್ದು ಬಣ್ಣ, ಎಪಾಕ್ಸಿ ಆದಮೇಲೆ ಮುಳುಗಬಹುದೆಂಬ ಭಯ. ಕೆರೆಯಲ್ಲಿ ನೀರಿನ ನಡುವೆ ನಿಂತ ಲೂರ್ ಸಮುದ್ರದಲ್ಲಿ ಮೇಲೇಳುತ್ತದೆ.
— ಶಿವಮೊಗ್ಗದ ಓದುಗರು

ಲೆಕ್ಕ ಒಂದೇ: ಲೂರ್ ಎಷ್ಟು ಘನ ಸೆಂ.ಮೀ. ಜಾಗ ಹಿಡಿಯುತ್ತದೋ ಅಷ್ಟು ಗ್ರಾಂ ತೂಕದವರೆಗೆ ಸಿಹಿನೀರಿನಲ್ಲಿ ತೇಲುತ್ತದೆ. ಜಾಗ ಅಳೆಯಲು ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ. ಸೀಲ್ ಮಾಡಿದ ಲೂರನ್ನು ಎರಡು ಸೂಜಿಯಿಂದ, ಪಾತ್ರೆಗೆ ತಾಗದಂತೆ, ಪೂರ್ತಿ ಮುಳುಗುವವರೆಗೆ ಒತ್ತಿ ಹಿಡಿಯಿರಿ. ತಕ್ಕಡಿ 20 ಗ್ರಾಂ ತೋರಿಸಿದರೆ ನಿಮ್ಮ ಲೂರ್ 20 ಘನ ಸೆಂ.ಮೀ.

ಒಂದು ಉದಾಹರಣೆ ನೋಡೋಣ. ಪಟ್ಟಿ ಕೂರಿಸಿದ ಬೂರುಗದ ಲೂರ್, 20 ಘನ ಸೆಂ.ಮೀ. ಮರ 7 ಗ್ರಾಂ, ತಂತಿ 25 ಸೆಂ.ಮೀ.ಗೆ ಸುಮಾರು 2.3, ಎರಡು ಮೂರುಮುಳ್ಳಿನ ಗಾಳ ಮತ್ತು ರಿಂಗುಗಳು 5, ಪಟ್ಟಿ 1, ಎಪಾಕ್ಸಿ ಮತ್ತು ಬಣ್ಣ 3. ಒಟ್ಟು 18.3 ಗ್ರಾಂ. ಇನ್ನು 1.7 ಗ್ರಾಂ ಮಾತ್ರ ಉಳಿಯಿತು ಅನಿಸುತ್ತದೆ. ಹಾಗಲ್ಲ. 3 ಗ್ರಾಂ ಎಪಾಕ್ಸಿ ತಾನೇ ಸುಮಾರು 2.6 ಘನ ಸೆಂ.ಮೀ. ಜಾಗ ಹಿಡಿಯುತ್ತದೆ, ಉಕ್ಕಿನ ಗಾಳ ತಂತಿಗಳು 0.9. ಹಾಗಾಗಿ ನಿಜವಾದ ಮಿತಿ 23.5 ಗ್ರಾಂ. 5 ಗ್ರಾಂ ಸೀಸ ಹಾಕಿದರೆ ನೀರಿನ ನಡುವೆ ನಿಲ್ಲುವ ಲೂರ್, 3 ಗ್ರಾಂ ಹಾಕಿದರೆ ಬೆನ್ನು ಕಾಣುವಂತೆ ತೇಲುವ ಲೂರ್.

ಇದರಲ್ಲೇ ನಿಮ್ಮ ಭಯಕ್ಕೆ ಉತ್ತರವಿದೆ. ಎಪಾಕ್ಸಿಯ ಸಾಂದ್ರತೆ ನೀರಿಗಿಂತ ಸ್ವಲ್ಪವಷ್ಟೇ ಹೆಚ್ಚು, ಆದ್ದರಿಂದ ಎರಡು ಕೋಟ್ ಹಚ್ಚಿದರೂ ಮುಳುಗುವ ದಿಕ್ಕಿಗೆ ಸೇರುವುದು ಅರ್ಧ ಗ್ರಾಮಿಗಿಂತ ಕಡಿಮೆ. ಮೆರುಗಾದ ಮೇಲೆ ಲೂರ್ ಮುಳುಗಿದರೆ ಎಪಾಕ್ಸಿಯನ್ನು ದೂರಬೇಡಿ. ಎಲ್ಲೋ ನೀರು ಒಳಸೇರುತ್ತಿದೆ.

ಲೆಕ್ಕ ಬೇಡವೆಂದರೆ ಸೀಲ್ ಮಾಡಿದ ಲೂರಿಗೆ ಗಾಳಗಳನ್ನೆಲ್ಲ ಹಾಕಿ, ಸೀಸವನ್ನು ಹೊಟ್ಟೆಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ, ಬಕೆಟ್‌ನಲ್ಲಿ ಹಿಂದೆ ಮುಂದೆ ಸರಿಸುತ್ತಾ ನೋಡಿ. ಬೇಕಾದ ಭಂಗಿ ಬಂದಲ್ಲಿ ಗುರುತು ಹಾಕಿ ಕೊರೆಯಿರಿ. ಒಂದು ಸಣ್ಣ ವಿಷಯ: 5 ಗ್ರಾಂ ಸೀಸ ಹೊರಗೆ ಕಟ್ಟಿದ್ದಕ್ಕಿಂತ ಒಳಗೆ ಕೂರಿಸಿದಾಗ ಲೂರ್ ಸುಮಾರು 0.3 ಗ್ರಾಂ ಹೆಚ್ಚು ಭಾರವಾಗಿ ವರ್ತಿಸುತ್ತದೆ, ಸೀಸ ತಾನೇ ಹಿಡಿಯುತ್ತಿದ್ದ ಜಾಗ ಈಗ ಲೂರಿನೊಳಗೇ ಹೋಯಿತಲ್ಲ. ನಡುವೆ ನಿಲ್ಲುವ ಲೂರಿಗೆ ಇಷ್ಟು ವ್ಯತ್ಯಾಸವೂ ಸಾಕು. ಸೀಸ ಆದಷ್ಟು ಹೊಟ್ಟೆಯ ಚರ್ಮಕ್ಕೆ ಹತ್ತಿರ ಕೂರಬೇಕು. ನಡುಮಟ್ಟಕ್ಕೆ ಏರಿದರೆ ಲೂರ್ ಮಗ್ಗುಲಾಗುತ್ತದೆ.

ಸೀಸ ಸಿಗದಿದ್ದರೆ ಸೈಕಲ್ ಅಂಗಡಿಯ ಬೇರಿಂಗ್ ಗುಂಡುಗಳು ಒಳ್ಳೆಯ ತೂಕದ ಕಲ್ಲುಗಳೇ. ಹಿಂಚಕ್ರದ ಕಾಲಂಗುಲದ ಗುಂಡು ಒಂದಕ್ಕೆ ಸುಮಾರು ಒಂದು ಗ್ರಾಂ.

ಸಮುದ್ರದ ಪ್ರಶ್ನೆ: ಸಮುದ್ರದ ನೀರು ಶೇ 2.5ರಷ್ಟು ಹೆಚ್ಚು ಸಾಂದ್ರ. 23 ಘನ ಸೆಂ.ಮೀ. ಲೂರಿಗೆ ಅದು 0.6 ಗ್ರಾಂ ಮೇಲೆತ್ತುವ ಬಲ. ಒಂದು ಅಳತೆ ದೊಡ್ಡ ಸ್ಪ್ಲಿಟ್ ರಿಂಗ್ (ಗಾಳವನ್ನು ಲೂರಿಗೆ ಸೇರಿಸುವ ಬಳೆ) ಹಾಕಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಅಳಿವೆಯಲ್ಲಿ ಉಬ್ಬರ ಇಳಿತಕ್ಕೆ ತಕ್ಕಂತೆ ನೀರಿನ ಉಪ್ಪೇ ಬದಲಾಗುವುದರಿಂದ ಅಲ್ಲಿ ಕರಾರುವಾಕ್ಕಾಗಿ ನಡುವೆ ನಿಲ್ಲಿಸುವ ಹಟ ವ್ಯರ್ಥ.

ಎಳೆಯುವಾಗ ಲೂರ್ ಎಡಕ್ಕೇ ಓಡುತ್ತದೆ. ವೇಗ ಹೆಚ್ಚಿಸಿದರೆ ಮಗುಚಿಕೊಳ್ಳುತ್ತದೆ. ಮೂಗಿನ ಪಟ್ಟಿ ಅಕ್ರಿಲಿಕ್‌ನದ್ದು.
— ಗಂಗಾವತಿಯ ಓದುಗರು

ಎಡಕ್ಕೆ ಓಡುವುದು ಸುಲಭದ ಕಾಯಿಲೆ. ಲೂರ್ ನಿಮ್ಮ ಕಡೆ ಬರುತ್ತಿರುವಾಗ ಯಾವ ಬದಿಗೆ ಸರಿಯುತ್ತದೋ ಅದಕ್ಕೆ ವಿರುದ್ಧ ಬದಿಗೆ ಮೂಗಿನ ಕುಣಿಕೆಯನ್ನು ಇಕ್ಕಳದಿಂದ ಕೂದಲೆಳೆಯಷ್ಟು ಬಾಗಿಸಿ. ಮತ್ತೆ ಎಳೆದು ನೋಡಿ. ಒಮ್ಮೆಗೇ ಜಾಸ್ತಿ ಬಾಗಿಸಿದರೆ ಕುಣಿಕೆಯ ಸುತ್ತ ಎಪಾಕ್ಸಿ ಬಿರಿದು ಅಲ್ಲಿಂದಲೇ ನೀರು ಇಳಿಯುತ್ತದೆ. ಬಾಗಿಸಿದರೂ ಸರಿಯಾಗದಿದ್ದರೆ ಪಟ್ಟಿಯೇ ಓರೆ ಕೂತಿದೆ.

ಮಗುಚುವುದಕ್ಕೆ ಕಾರಣ ಪಟ್ಟಿ ದೊಡ್ಡದಾಗಿರುವುದು ಅಥವಾ ಸೀಸ ಸಾಲದಿರುವುದು. ಮೊದಲು ಪಟ್ಟಿಯ ಎರಡೂ ಬದಿಯನ್ನು ಅರ್ಧರ್ಧ ಮಿ.ಮೀ. ಅರದಿಂದ ಉಜ್ಜಿ ನೋಡಿ. ಸೀಸ ಸೇರಿಸಲು ಮೆರುಗು ಒಡೆಯಬೇಕಾಗುತ್ತದೆ, ಅದನ್ನು ಕೊನೆಗಿಡಿ. ಪಟ್ಟಿ ಮೈಯ ನೇರಕ್ಕೆ ಹತ್ತಿರವಾಗಿ ಮುಂದೆ ಚಾಚಿದ್ದರೆ ಲೂರ್ ಆಳಕ್ಕಿಳಿಯುತ್ತದೆ, ಕೆಳಮುಖವಾಗಿ ನಿಂತಿದ್ದರೆ ಮೇಲೆಯೇ ಅಗಲವಾಗಿ ಅಲುಗಾಡುತ್ತದೆ.

ಅಕ್ರಿಲಿಕ್ ಕಲ್ಲಿಗೆ ತಾಗಿದರೆ ಚಟ್ಟನೆ ಮುರಿಯುತ್ತದೆ. ಪಾಲಿಕಾರ್ಬನೇಟ್ ಹಾಳೆ ತನ್ನಿ, 1.5ರಿಂದ 2 ಮಿ.ಮೀ. ದಪ್ಪ. ಚಿಕ್ಕ ಲೂರಿಗೆ ಹಳೆಯ ಸಿಡಿ ಸಾಕು, ಅದು 1.2 ಮಿ.ಮೀ. ಪಾಲಿಕಾರ್ಬನೇಟೇ. ಬಿಸಿನೀರಿನಲ್ಲಿ ಅದ್ದಿ ಕತ್ತರಿಸಿ, ಹೊಳೆಯುವ ಪದರವನ್ನು ಟೇಪ್ ಅಂಟಿಸಿ ಕಿತ್ತು ತೆಗೆಯಿರಿ. ಆ ಪದರದ ಮೇಲೆ ಅಂಟು ಹಾಕಿದರೆ ಪದರವೇ ಎದ್ದುಬರುತ್ತದೆ.

ಏರ್‌ಬ್ರಷ್ ಇಲ್ಲದೆ ಬೂತಾಯಿ ಮೀನಿನಂಥ ಹೊಳಪು, ಮೈಮೇಲಿನ ಪೊರೆ (ಹುರುಪೆ) ಮೂಡಿಸುವುದು ಹೇಗೆ? ಮಾರ್ಕರ್‌ನಿಂದ ಹಾಕಿದ ಚುಕ್ಕೆಗಳು ಎಪಾಕ್ಸಿ ಹಚ್ಚಿದ ಕೂಡಲೇ ಹರಡಿದವು.
— ಮಂಗಳೂರಿನ ಓದುಗರು

ಫಿನ್ಲೆಂಡಿನ ಲೌರಿ ರಪಾಲ 1936ರಲ್ಲಿ ಮಾಡಿದ ಲೂರ್ ಬೆಂಡಿನಿಂದ ಕೆತ್ತಿದ್ದು. ಮೈಗೆ ಚಾಕೊಲೇಟ್ ಸುತ್ತಿದ ತವರದ ಹಾಳೆ, ಮೆರುಗಿಗೆ ಕರಗಿಸಿದ ಫೋಟೊ ನೆಗೆಟಿವ್. ಏರ್‌ಬ್ರಷ್ ಇಲ್ಲವೆಂಬ ಚಿಂತೆ ಬಿಡಿ.

ಎಸಿ ಪೈಪಿಗೆ ಸುತ್ತುವ ಅಂಟಿರುವ ಅಲ್ಯೂಮಿನಿಯಂ ಟೇಪ್ ತನ್ನಿ. ಹಿಂದಿನ ಕಾಗದ ತೆಗೆಯದೆಯೇ ಒರಟು ಅರದ ಮೇಲಿಟ್ಟು ಚಮಚದ ಬೆನ್ನಿನಿಂದ ಉಜ್ಜಿದರೆ ಅಡ್ಡಗೀರುಗಳು ಮೂಡುತ್ತವೆ. ಅರವನ್ನು ಓರೆಯಾಗಿ ತಿರುಗಿಸಿ ಇನ್ನೊಮ್ಮೆ ಉಜ್ಜಿದರೆ ಚೌಕಗಳು, ಅವೇ ಪೊರೆ. ಎಡಬಲಕ್ಕೆ ಎರಡು ತುಂಡು ಕತ್ತರಿಸಿ ಅಂಟಿಸಿ, ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗಿ. ಬಾಲದ ಕಡೆ ಸುಕ್ಕು ಬಂದರೆ ಸಣ್ಣ ತ್ರಿಕೋನ ಕತ್ತರಿಸಿ ತೆಗೆಯಿರಿ. ಸುಕ್ಕನ್ನು ಎಪಾಕ್ಸಿ ಮುಚ್ಚುತ್ತದೆ ಎಂದುಕೊಂಡರೆ ಅದು ಇನ್ನೂ ಎದ್ದು ಕಾಣುತ್ತದೆ. ಬೆನ್ನಿನ ಗಾಢ ಬಣ್ಣವನ್ನು ಸ್ಪಂಜಿನಿಂದ ತಟ್ಟಿ, ಎಳೆಯಬೇಡಿ.

ಟೇಪ್ ಬೇಡವೆಂದರೆ ಎರಡು ತೆಳು ಕೋಟ್ ಬಿಳಿ ಅಕ್ರಿಲಿಕ್, ಅದರ ಮೇಲೆ ಬೆಳ್ಳಿ ಬಣ್ಣ. ಒಣಗಿದ ಮೇಲೆ ಸೊಳ್ಳೆಪರದೆಯ ತುಂಡನ್ನು ಬಿಗಿಯಾಗಿ ಸುತ್ತಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಬೆನ್ನ ಮೇಲೆ ಹಿಡಿಸಿ, ಬಹುತೇಕ ಒಣಗಿದ ಸ್ಪಂಜಿನಿಂದ ಹಸಿರು ನೀಲಿ ತಟ್ಟಿ. ಸ್ಪಂಜಿನಲ್ಲಿ ಬಣ್ಣ ಹೆಚ್ಚಾದರೆ ಪರದೆಯ ಕೆಳಗೆ ಹರಿದು ಪೊರೆಯೆಲ್ಲ ಒಂದಾಗುತ್ತದೆ. ಕಣ್ಣಿಗೆ ಮೊಳೆಯ ತಲೆಯನ್ನು ಬಣ್ಣದಲ್ಲಿ ಅದ್ದಿ ಒತ್ತಿ. ಮೊದಲು ದೊಡ್ಡ ಮೊಳೆ, ಒಣಗಿದ ಮೇಲೆ ನಡುವೆ ಸಣ್ಣದು.

ಮಾರ್ಕರ್ ಶಾಯಿ ಎಪಾಕ್ಸಿಯಲ್ಲಿ ಕರಗುತ್ತದೆ. ಮೇಲೆ ನೀರಿನ ಅಕ್ರಿಲಿಕ್ ವಾರ್ನಿಶ್ ಹಗುರವಾಗಿ ತಟ್ಟಿ ಒಂದು ದಿನ ಬಿಟ್ಟು ನಂತರ ಎಪಾಕ್ಸಿ ಹಚ್ಚಿ. ಸ್ಪ್ರೇ ಡಬ್ಬಿಯ ಎನಾಮೆಲ್ ಆಗಿದ್ದರೆ ಇನ್ನೂ ಹೆಚ್ಚು ಕಾಯಿರಿ. ಒಳಗೆ ಹಸಿ ಇದ್ದರೆ ಮೆರುಗಿನ ಕೆಳಗೆ ಸುಕ್ಕುಗಟ್ಟುತ್ತದೆ.

ಎಪಾಕ್ಸಿ ಕೆಳಗೆ ಇಳಿದು ಹೊಟ್ಟೆಯಲ್ಲಿ ಹನಿಗಟ್ಟದಿರಲು ಲೂರ್ ತಿರುಗುತ್ತಿರಬೇಕು. 12 ವೋಲ್ಟಿನ, ನಿಮಿಷಕ್ಕೆ ಐದಾರು ಸುತ್ತಿನ ಗೇರ್ ಮೋಟಾರ್ ಸಾಕು. ಹಾಳಾದ ಮೈಕ್ರೋವೇವ್‌ನ ತಟ್ಟೆ ತಿರುಗಿಸುವ ಮೋಟಾರನ್ನೂ ಹಲವರು ಬಳಸುತ್ತಾರೆ. ಅದರ ಚೀಟಿ ಓದಿ: ಕೆಲವು 230 ವೋಲ್ಟಿನವು, ಕೆಲವು 21 ಅಥವಾ 30 ವೋಲ್ಟಿನವು. ವೈರಿಂಗ್ ಗೊತ್ತಿಲ್ಲದಿದ್ದರೆ 12 ವೋಲ್ಟಿನದ್ದೇ ವಾಸಿ. ಮೋಟಾರೇ ಇಲ್ಲದಿದ್ದರೆ ಮೊದಲ ಒಂದು ಗಂಟೆ ಐದು ನಿಮಿಷಕ್ಕೊಮ್ಮೆ ಕೈಯಲ್ಲೇ ತಲೆಕೆಳಗು ಮಾಡುತ್ತಿರಿ.

ಫೈಬರ್ ದೋಣಿ ಮಾಡುವವರ ಬಳಿ ಉಳಿದ ರೆಸಿನ್ ಸಿಗುತ್ತದೆ, ಅಗ್ಗ. ಎಪಾಕ್ಸಿ ಬದಲು ಹಚ್ಚಬಹುದೇ?
— ಗಂಗೊಳ್ಳಿಯ ಓದುಗರು

ಬೇಡ. ಅದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿರುವ ಸ್ಟೈರೀನ್ ಎಂಬ ದ್ರಾವಕ ನಿಮ್ಮ ಬಣ್ಣವನ್ನು ಕರಗಿಸುತ್ತದೆ, ತೆಳುವಾಗಿ ಹಚ್ಚಿದರೆ ಗಾಳಿ ತಾಗುವ ಮೇಲ್ಮೈ ಗಟ್ಟಿಯಾಗದೆ ಅಂಟಾಗಿ ಉಳಿಯುತ್ತದೆ, ಗಟ್ಟಿಯಾದದ್ದು ಕುಗ್ಗಿ ಬಿರಿಯುತ್ತದೆ. ಅದಕ್ಕೂ ದೊಡ್ಡ ಮಾತು: ಆ ರೆಸಿನ್ ಜೊತೆ ಕೊಡುವ ಕೋಬಾಲ್ಟ್ ಮತ್ತು ಹಾರ್ಡನರ್ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸಿಡಿಯುತ್ತವೆ. ದೋಣಿ ಕೆಲಸದವರಿಗೆ ಇದು ಗೊತ್ತು, ಮನೆಯಲ್ಲಿ ಮಕ್ಕಳಿಗೆ ಗೊತ್ತಿರುವುದಿಲ್ಲ.

ಸೀಸವನ್ನು ಮನೆಯಲ್ಲಿ ಕರಗಿಸಿ ಎರಕ ಹೊಯ್ಯಬಹುದೇ?
— ಭದ್ರಾವತಿಯ ಓದುಗರು

327 ಡಿಗ್ರಿಗೆ ಕರಗುತ್ತದೆ, ಹಾಗಾಗಿ ಗ್ಯಾಸ್ ಒಲೆಯಲ್ಲೂ ಆಗುತ್ತದೆ ಎಂಬುದೇ ಅಪಾಯ. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೆ ಆವಿಯಾಗಿ ಸೀಸ ಮುಖಕ್ಕೆ ಚಿಮ್ಮುತ್ತದೆ. ಅಡುಗೆಮನೆಯ ಪಾತ್ರೆ, ಒಲೆ ಎರಡೂ ಕೆಟ್ಟವು ಎಂದುಕೊಳ್ಳಿ. ಬಲೆಯ ಸಾಮಾನಿನ ಅಂಗಡಿಯಲ್ಲಿ ಸಿಗುವ ಸೀಸದ ಮಣಿಗಳನ್ನು ಸುತ್ತಿಗೆಯಿಂದ ತಟ್ಟಿ ಬೇಕಾದ ಆಕಾರಕ್ಕೆ ತನ್ನಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಕೆರೆಯ ಜೊಂಡಿನಲ್ಲಿ ಮುರ್ರೆಲ್ ಮೀನಿಗೆ ಕಪ್ಪೆ ಲೂರ್ ಮಾಡಬೇಕು. ಥರ್ಮಾಕೋಲ್ ಮೇಲೆ ಸ್ಪ್ರೇ ಬಣ್ಣ ಹೊಡೆದರೆ ಕರಗಿಹೋಯಿತು.
— ಮಂಡ್ಯದ ಓದುಗರು

ಸ್ಪ್ರೇ ಬಣ್ಣ, ಥಿನ್ನರ್, ಅಸಿಟೋನ್ ಇವೆಲ್ಲ ಥರ್ಮಾಕೋಲನ್ನು ತಿನ್ನುತ್ತವೆ. ಚಿಟಿಕೆಯಲ್ಲಿ ಅಂಟುವ ಗಮ್ ಕೂಡ ತಿನ್ನುತ್ತದೆ. ಎಪಾಕ್ಸಿ ತಿನ್ನುವುದಿಲ್ಲ. ಆದರೂ ಮುರ್ರೆಲ್‌ನ ಹಲ್ಲಿಗೆ ಥರ್ಮಾಕೋಲ್ ಒಂದು ಕಚ್ಚಿಗೆ ಮುಗಿಯಿತು. ಹವಾಯಿ ಚಪ್ಪಲಿಯ ಅಟ್ಟೆ ಇದಕ್ಕೆ ತಕ್ಕದ್ದು. ಐದಾರು ಸೆಂ.ಮೀ. ಉದ್ದ, ಎರಡೂವರೆ ಅಗಲ. ಹೊಸ ಬ್ಲೇಡಿನಿಂದ ಒರಟಾಗಿ ಕೊಯ್ದು, ಎರಡು ಗಂಟೆ ಫ್ರೀಜರ್‌ನಲ್ಲಿಟ್ಟು ಉಪ್ಪುಕಾಗದ ಹಿಡಿದರೆ ರಬ್ಬರ್ ಎಳೆಯದೆ ನುಣ್ಣಗಾಗುತ್ತದೆ.

ಗಾಳ ಜೋಡಿಮುಳ್ಳಿನದು, ಮೊನೆಗಳು ಮೇಲ್ಮುಖವಾಗಿ ಬೆನ್ನಿಗೆ ಅಂಟಿಕೊಂಡು ಮಲಗಿರಬೇಕು. ಮೊನೆ ಬೆನ್ನಿಗಿಂತ ಎರಡು ಮಿ.ಮೀ. ಮೇಲೆದ್ದರೂ ಜೊಂಡು ಹಿಡಿಯುತ್ತದೆ. ಹಾಗೆಂದು ಬೆನ್ನು ತೀರಾ ದಪ್ಪವಿದ್ದರೆ ಮೀನು ಕಚ್ಚಿದಾಗ ರಬ್ಬರ್ ಕುಗ್ಗದೆ ಮೊನೆ ಹೊರಬರುವುದಿಲ್ಲ. ಮೊನೆಯ ಕೆಳಗೆ ರಬ್ಬರ್ ಸ್ವಲ್ಪ ಕೊರೆದು ತೆಗೆದರೆ ಎರಡೂ ಸರಿಹೋಗುತ್ತದೆ. ಬಾಲದ ಕಡೆ ಹೊಟ್ಟೆಗೆ 3ರಿಂದ 5 ಗ್ರಾಂ ಸೀಸ ಕೂರಿಸಿ, ಎಸೆದಾಗ ಅದು ಲೂರನ್ನು ನೇರ ಬೀಳಿಸುತ್ತದೆ. ಎಲ್ಲ ಅಂಟು ಚಪ್ಪಲಿ ರಿಪೇರಿಯ ರಬ್ಬರ್ ಗಮ್‌ನಿಂದ: ಎರಡೂ ಕಡೆ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಬಣ್ಣಕ್ಕೆ ಬಟ್ಟೆಯ ಮೇಲೆ ಬಿಡಿಸುವ ಫ್ಯಾಬ್ರಿಕ್ ಪೇಂಟ್. ಎಪಾಕ್ಸಿ ಬೇಡವೇ ಬೇಡ, ಬಾಗುವ ರಬ್ಬರ್ ಮೇಲೆ ಅದು ಬಿರಿಯುತ್ತದೆ. ಹೊಟ್ಟೆ ಬಿಳಿಯೋ ಹಳದಿಯೋ ಇರಲಿ. ಬೆನ್ನಿನ ಚಿತ್ತಾರವೆಲ್ಲ ನಿಮ್ಮ ಸಂತೋಷಕ್ಕೆ, ಕೆಳಗಿನಿಂದ ನೋಡುವ ಮೀನಿಗೆ ಅದು ಕಾಣದು.

ಸ್ಟೀಲ್ ಟೀ ಚಮಚದಿಂದ ಲೂರ್ ಮಾಡಲು ಹೊರಟರೆ ಡ್ರಿಲ್ ಬಿಟ್ ಕೆಂಪಗಾಗಿ ಮೊಂಡಾಯಿತು, ತೂತು ಬೀಳಲಿಲ್ಲ.
— ಹುಬ್ಬಳ್ಳಿಯ ಓದುಗರು

ಚಮಚಕ್ಕೆ ಗಾಳ ಕಟ್ಟುವ ಲೂರಿಗೆ ಅಮೆರಿಕದ ಜೂಲಿಯೊ ಬ್ಯುಯೆಲ್ 1852ರಲ್ಲೇ ಪೇಟೆಂಟ್ ಪಡೆದಿದ್ದರು, ಆಕಾರ ಇಂದಿಗೂ ಹೆಚ್ಚು ಬದಲಾಗಿಲ್ಲ. ನಿಮ್ಮ ತೊಂದರೆ ವೇಗದ್ದು. ಅಯಸ್ಕಾಂತ ಹಿಡಿಯದ ಸ್ಟೀಲ್, ಬಿಟ್ ಕೊರೆಯದೆ ಉಜ್ಜುತ್ತಾ ನಿಂತರೆ ಅಲ್ಲೇ ಗಡುಸಾಗುತ್ತದೆ. ಪಂಚಿನಿಂದ ಗುರುತು ಹೊಡೆದು, ಒಂದು ಹನಿ ಎಣ್ಣೆ ಹಾಕಿ, ನಿಧಾನ ವೇಗದಲ್ಲಿ ಗಟ್ಟಿಯಾಗಿ ಒತ್ತಿ. ಕೆಳಗೆ ಮರದ ತುಂಡು ಇರಲಿ, ಚಮಚವನ್ನು ಇಕ್ಕಳದಿಂದ ಹಿಡಿಯಿರಿ. ಕೈಯಲ್ಲಿ ಹಿಡಿದರೆ ಬಿಟ್ ಸಿಕ್ಕಿಕೊಂಡಾಗ ಚಮಚ ಬೆರಳು ಕೊಯ್ಯುತ್ತದೆ. 3 ಮಿ.ಮೀ. ತೂತು, ಅಂಚಿನಿಂದ 4 ಮಿ.ಮೀ. ಒಳಗೆ.

ಕಿರಿದಾದ ತುದಿಗೆ ತಂಗೂಸು (ಗಾಳದ ದಾರ), ಹಿಡಿಯಿದ್ದ ಅಗಲ ಬದಿಗೆ ಗಾಳ. ಟೀ ಚಮಚ ಗುಣಿ ಹೆಚ್ಚಿರುವುದರಿಂದ ಅಲುಗಾಡುವ ಬದಲು ಗಿರಗಿರ ಸುತ್ತಿ ತಂಗೂಸನ್ನು ಹುರಿಗಟ್ಟಿಸುತ್ತದೆ. ಮರದ ಮೇಲೆ ಬೋರಲು ಹಾಕಿ ತಟ್ಟಿ ಗುಣಿಯನ್ನು ಅರ್ಧಕ್ಕಿಳಿಸಿ, ಅದರ ಮುಂದೆ ಒಂದು ಸ್ವಿವೆಲ್ (ತಿರುಗುವ ಕೊಂಡಿ) ಕಟ್ಟಿ. ಹಿತ್ತಾಳೆ ಚಮಚವಾದರೆ ಕೊರೆಯುವುದು ಸುಲಭ. ಹುಣಸೆಹುಳಿಯಿಂದ ತಿಕ್ಕಿ ತೊಳೆದು ಒಣಗಿಸಿ ತೆಳುವಾಗಿ ಲ್ಯಾಕರ್ ಹಚ್ಚಿದರೆ ಹೊಳಪು ಬೇಗ ಮಾಸದು.

ಪೆಟ್ಟಿಗೆಯಲ್ಲಿಟ್ಟಿದ್ದ ಲೂರುಗಳ ಬಣ್ಣ ತಾನಾಗಿಯೇ ಕರಗಿ ಒಂದಕ್ಕೊಂದು ಅಂಟಿವೆ.
— ಮೈಸೂರಿನ ಓದುಗರು

ಅದೇ ಪೆಟ್ಟಿಗೆಯಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಹುಳುಗಳೂ ಇದ್ದಿರಬೇಕು. ಅವನ್ನು ಮೆತ್ತಗಿಡುವ ಎಣ್ಣೆಯೇ ಬಣ್ಣವನ್ನೂ, ಕೆಲವು ಪೆಟ್ಟಿಗೆಗಳ ತಳವನ್ನೂ ಕರಗಿಸುತ್ತದೆ. ಅವನ್ನು ಬಂದ ಚೀಲದಲ್ಲೇ ಬೇರೆ ಇಡಿ. ಕೆಟ್ಟ ಲೂರುಗಳನ್ನು ಸೋಪಿನಲ್ಲಿ ತೊಳೆದು, ಮೆತ್ತಗಾದ ಪದರವನ್ನು ಪೂರ್ತಿ ಕೆರೆದು, ಬಿಳಿ ಬಣ್ಣದಿಂದ ಮತ್ತೆ ಶುರು ಮಾಡಿ. ಮೇಲಷ್ಟೇ ಎಪಾಕ್ಸಿ ಬಳಿದರೆ ಕೆಳಗಿನ ಎಣ್ಣೆ ಅದನ್ನೂ ನಿಲ್ಲಗೊಡುವುದಿಲ್ಲ.